ಫ್ಲಾರೆನ್ಸಿನಿಂದ ತಂದ ಕಾಳು

ಫಸಲಿ ೧೩೫೬, ಇಸ್ಫಂದಾರ್ ಒಂಬತ್ತನೆಯ ತಾರೀಖು; ಇಂಗ್ರೇಜಿ ಲೆಕ್ಕಕ್ಕೆ ೧೯೪೭ರ ಜನವರಿ ತಿಂಗಳು. ಬೆಳಗಿನ ಏಳೂವರೆಗೆ ದೋರನಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಬರೆಯಲು ಕುಳಿತೆ. ಅಂಗಳದಲ್ಲಿ ಅವ್ವ ಒಣಗಿದ ಕಾಯಿಗಳನ್ನು ಮೊರಕ್ಕೆ ಹಾಕಿಕೊಂಡು ಕಾಳು ಬಿಡಿಸುತ್ತಿದ್ದಾಳೆ. ಆ ಕಾಳು ನಮ್ಮವಲ್ಲ. ಯಾರವೆಂದು ನನಗೆ ಗೊತ್ತು. ಅವನು ಎಲ್ಲಿದ್ದಾನೆಂಬುದು ಗೊತ್ತಿಲ್ಲ.

ಯುದ್ಧದ ಕಾಲಕ್ಕೆ ನಾನು ಪಲ್ಟನ್ನಿನ ಉಗ್ರಾಣದಲ್ಲಿ ಕಾರಕೂನನಾಗಿ ಇಟಲಿಗೆ ಹೋಗಿದ್ದೆ. ಒಂದು ಚಳಿಗಾಲ ಫ್ಲಾರೆನ್ಸ್ ಪಟ್ಟಣದಲ್ಲಿ ಇದ್ದೆವು. ಅಲ್ಲಿಯ ಸೇತುವೆಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಸಿಡಿದು ನದಿಗೆ ಬಿದ್ದಿದ್ದವು. ರವಿವಾರ ನಮಗೆ ಬಿಡುವು. ಮೊದಲ ರವಿವಾರ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಓಣಿ ಓಣಿ ಸುತ್ತಿ, ಮುಚ್ಚಿದ ಬಾಗಿಲುಗಳನ್ನು ನೋಡಿ, ಹಸಿದುಕೊಂಡೇ ಮರಳಿದ್ದೆ. ಬೆಳಗಾವಿ ಕಡೆಯ ಒಬ್ಬ ಹವಾಲ್ದಾರ ನಮ್ಮಲ್ಲಿದ್ದ. ಆ ನಾಡಿನ ಮಾತು ಅಷ್ಟಿಷ್ಟು ಕಲಿತಿದ್ದ.

“ಊರು ನೋಡೂದು ಅಂದ್ರ ಕವಾಯತು ಅಲ್ಲೋ ಕಾರಕೂನಾ,” ಅಂದ. “ಅಲ್ಲಿಯವರನ್ನ ಕೇಳು. ನಿಮ್ಮ ಸಂತ್ಯಾಗ ಖಾರದ ಪುಡಿ ಯಾರ ಕಡೆ ಛಲೋ ಅಂತ ಕೇಳಂಗಿಲ್ಲೇನು, ಹಂಗ.”

ನಮ್ಮ ಗಡ್ಡ ಮಾಡುತ್ತಿದ್ದ ಅಲ್ಲಿಯ ನಾವಲಿಗನನ್ನು ಹವಾಲ್ದಾರನೇ ಕೇಳಿದ. ನಾನು ಮಾಂಸ ತಿನ್ನುವುದಿಲ್ಲವೆಂಬುದನ್ನೂ ಹೇಳಿದ. ನಾವಲಿಗ ನಕ್ಕು, ಉಳಿದ ಸೇತುವೆಯ ಆಚೆ ಹಸಿರು ಬಾಗಿಲಿನ ಒಂದು ಖಾನಾವಳಿ ತೋರಿಸಿದ. ನಾಲ್ಕು ಮೇಜಿನ ಕತ್ತಲೆ ಕೋಣೆ. ನಡೆಸುವವಳು ನಮ್ಮವ್ವನ ವಯಸ್ಸಿನ ಹೆಂಗಸು. ನಿನ್ನೆಯ ರೊಟ್ಟಿಯನ್ನು ಮುರಿದು, ಬಿಳಿ ಕಾಳು, ಕಪ್ಪು ಹಸಿರು ಸೊಪ್ಪು ಹಾಕಿ ಕುದಿಸಿದ್ದಳು. ಅಲ್ಲಿಯ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ. ಪಕ್ಕದ ಮೇಜಿನಲ್ಲಿದ್ದ ನಮ್ಮ ಪಲ್ಟನ್ನಿನವರು ಒಂದು ತುತ್ತು ತಿಂದು ಮುಖ ಕಿವುಚಿದರು. ನನಗೇನೂ ಅನ್ನಿಸಲಿಲ್ಲ. ನಮ್ಮ ಜೋಳದ ರೊಟ್ಟಿಗೂ ಉಪ್ಪು ಎಲ್ಲಿದೆ? ತಟ್ಟೆ ಬರಿದಾದದ್ದನ್ನು ನೋಡಿ ಅವಳು ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.

ಅಂದಿನಿಂದ ನನ್ನ ರವಿವಾರಗಳು ಅವಳ ಕೈಗೆ ಸೇರಿದವು. ಊಟ ಮುಗಿಯುತ್ತಲೇ ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುವಳು, ಹವಾಲ್ದಾರ ಅದನ್ನು ಕನ್ನಡಕ್ಕೆ ತಿರುಗಿಸುವನು. ಚೆಸ್ಟ್‌ನಟ್ ಎಂಬ ಕಾಡುಕಾಯಿಯ ಹಿಟ್ಟಿನಿಂದ ಮಾಡಿದ ಕಂದುಬಣ್ಣದ ಸಿಹಿಯನ್ನು ಪೇಟೆಯ ಮೂಲೆಯ ಮುದುಕನ ಹತ್ತಿರವೇ ತಿನ್ನಬೇಕು, ಬೇರೆಯವರು ಹಿಟ್ಟು ಬೆರಕೆ ಮಾಡುತ್ತಾರೆ. ನದಿಯಾಚೆಯ ಸಣ್ಣ ಇಗರ್ಜಿಗೆ ಇಳಿಹೊತ್ತಿನಲ್ಲೇ ಹೋಗಬೇಕು, ಬೇಗ ಹೋದರೆ ಗೋಡೆಯ ಚಿತ್ರ ಕತ್ತಲೆಯಲ್ಲಿರುತ್ತದೆ, ಮೇಲಿನ ಕಿಟಕಿಯ ಬಿಸಿಲು ಇಳಿದಾಗ ಮಾತ್ರ ಆ ತಾಯಿಯ ಮುಖ ಕಾಣುತ್ತದೆ. ನಾನು ಹೋದೆ, ನಿಂತೆ, ಬಿಸಿಲು ಇಳಿಯಿತು, ಮುಖ ಕಂಡಿತು. ಛಾವಣಿ ಅರ್ಧ ಹಾರಿಹೋದ ನಾಟಕದ ಮನೆಯಲ್ಲಿ ಜನ ಕಂಬಳಿ ಹೊದ್ದು ಕುಳಿತು ಹಾಡು ಕೇಳುತ್ತಿದ್ದುದನ್ನೂ ಅವಳಿಂದಲೇ ಕಂಡೆ. ಯಾರು ಹೇಳಿದರು, ಎಲ್ಲಿಗೆ ಹೋದೆ, ಹೇಗಿತ್ತು ಎಂದು ದಿನಚರಿಯಲ್ಲಿ ಗೆರೆ ಎಳೆದು ಮೂರು ಸಾಲು ಮಾಡಿ ಬರೆಯುತ್ತಿದ್ದೆ. ಮೊದಲ ಸಾಲಿನಲ್ಲಿ ಹೆಚ್ಚು ಸಲ ಬಂದವಳು ಅವಳೇ.

“ಬರಕೋಪಾ, ಬರಕೋ,” ಎಂದು ಹವಾಲ್ದಾರ ಕಾಡುತ್ತಿದ್ದ. “ಬರೀಲಿಲ್ಲಂದ್ರ ಉಂಡದ್ದು ಹೊಟ್ಟ್ಯಾಗ ನಿಂದರಂಗಿಲ್ಲ ನಿನಗ.”

ನಮ್ಮ ತುಕಡಿ ಹೊರಡುವ ಹಿಂದಿನ ರವಿವಾರ ಅವಳು ಒಳಗಿನಿಂದ ಒಂದು ಬಟ್ಟೆಯ ಚೀಲ ತಂದು ನನ್ನ ಮುಂದಿಟ್ಟಳು. ಅದೇ ಬಿಳಿ ಕಾಳು, ಮೇಲೆ ಒಂದಿಷ್ಟು ಒಣಗಿಸಿದ ಎಲೆ. ಬಹಳ ಹೊತ್ತು ಮಾತಾಡಿದಳು. ಹವಾಲ್ದಾರ ನನ್ನ ಕಡೆ ನೋಡದೆ ಹೇಳಿದ:

“ಅಕಿ ಮಗಾ ಆಫ್ರಿಕಾದಾಗ ಸಿಕ್ಕು ಕೈದಿ ಆಗ್ಯಾನಂತ. ಹಿಂದೂಸ್ತಾನದಾಗ ಇಟ್ಟಾರಂತ. ನೀ ಊರಿಗೆ ಹೋದಮ್ಯಾಲ ಇದನ್ನ ಕುದಿಸಿ ಅವಗ ಉಣ್ಣಾಕ ಕೊಡಬೇಕಂತ.”

ನಾನು ಚೀಲ ತೆಗೆದುಕೊಂಡೆ. ಹೆಸರು ಕೇಳಿದೆ, ಗುರುತು ಕೇಳಿದೆ. ಅವನ ಎಡಗೈಯ ಕಿರುಬೆರಳಿನ ತುದಿ ಇಲ್ಲವೆಂದಳು. ಯಾವ ಊರು, ಯಾವ ಕ್ಯಾಂಪು ಎಂದು ಮಾತ್ರ ಕೇಳಲಿಲ್ಲ. ನಮ್ಮ ಕಡೆ ಬುತ್ತಿ ಮುಟ್ಟಿಸುವುದು ಹೀಗೆಯೇ. ಸುರಪುರಕ್ಕೆ ಹೊರಟವನ ಕೈಗೆ ಯಾರಾದರೂ ಗಂಟು ಕೊಟ್ಟರೆ ಓಣಿ, ಮನೆ ಎಂದು ವಿಚಾರಿಸುವುದಿಲ್ಲ. ಅಲ್ಲಿ ಇಳಿದು ಇಂಥವರ ಮಗ ಎಂದರೆ ಸಾಕು, ಯಾರಾದರೂ ಕೈ ಹಿಡಿದು ಕರೆದೊಯ್ಯುತ್ತಾರೆ. ಆ ರೂಢಿಯ ಮೇಲೆಯೇ ತಲೆಯಾಡಿಸಿದೆ.

ಅವಳು ಇನ್ನೂ ಏನೋ ಕೇಳಿದಳು.

“ಅಲ್ಲಿ ಎಲ್ಲಿ ಉಣಬೇಕು, ಏನು ನೋಡಬೇಕು ಅಂತ ಅವಗ ಹೇಳಾಕ ಯಾರರ ಇದ್ದಾರೇನು ಅಂತ ಕೇಳಾಕತ್ತಾಳ,” ಅಂದ ಹವಾಲ್ದಾರ.

“ಇದ್ದಾರ ಅನ್ರಿ,” ಅಂದೆ. ಮತ್ತೇನು ಹೇಳಬಹುದಿತ್ತು?

ಹೊರಗೆ ಬಂದಮೇಲೆ ಹವಾಲ್ದಾರ ಬೀಡಿ ಹಚ್ಚಿ ಕೇಳಿದ: “ಹಿಂದೂಸ್ತಾನ ಅಂದ್ರ ನಿಮ್ಮ ಕೆಂಭಾವಿ ಸಂತಿ ಅಂತ ತಿಳದಿಯೇನೋ?”

ಹೋದ ವರ್ಷದ ಬೇಸಿಗೆಯಲ್ಲಿ ಊರಿಗೆ ಬಂದೆ. ಅವ್ವ ಪೆಟ್ಟಿಗೆ ಬಿಚ್ಚಿದವಳು ಮೊದಲು ಕೇಳಿದ್ದೇ ಆ ಚೀಲದ ವಿಚಾರ.

“ಯಾರವಪಾ ಇವು?”

“ಒಬ್ಬ ತಾಯಿ ಕೊಟ್ಟಾಳವ್ವ. ಅಕಿ ಮಗಗ ಮುಟ್ಟಿಸಬೇಕು. ಇಲ್ಲೇ ನಮ್ಮ ದೇಶದಾಗ ಜೈಲಿನ್ಯಾಗ ಇದ್ದಾನಂತ.”

“ಹಂಗಾದ್ರ ಗುಲಬರ್ಗಾದಾಗ ಇರತಾನ ಬಿಡು,” ಅಂದಳು ಅವ್ವ. ಅವಳಿಗೆ ಗೊತ್ತಿದ್ದ ಜೈಲು ಅದೊಂದೇ. “ನಾಳಿಗೇ ಹೋಗಿ ಕೊಟ್ಟು ಬಾ. ಮಂದಿ ಬುತ್ತಿ ಮನ್ಯಾಗ ಇಟಗೋಬಾರದು.”

ಶಹಾಪುರದ ತಹಸೀಲಿನಲ್ಲಿ ಕೇಳಿದೆ. ಅಲ್ಲಿಯ ಗುಮಾಸ್ತರು ಕನ್ನಡಕ ಮೇಲೇರಿಸಿ, “ನಮ್ಮ ತಾಲೂಕಿಗೆ ಒಬ್ಬ ಬಿಳೀ ಮನಷ್ಯಾ ಬಂದ್ರ ಎತ್ತು ಸೈತ ನಿಂತು ನೋಡತಾವ್ರಿ. ಇದ್ದಿದ್ರ ನಮಗ ಗೊತ್ತಾಗತಿರಲಿಲ್ಲೇನು?” ಎಂದರು. ಯಾದಗಿರಿ ಸ್ಟೇಷನ್ನಿಗೆ ಹೋದೆ. ಅಲ್ಲಿ ಬಾಳೆಹಣ್ಣು ಮಾರುವವನು ಮಾತ್ರ ಹೌದೆಂದ. ಯುದ್ಧದಲ್ಲಿ ಬಿಳಿಯ ಕೈದಿಗಳನ್ನು ತುಂಬಿದ ಗಾಡಿಗಳು ಬೆಂಗಳೂರಿನ ಕಡೆಗೆ ಹೋದದ್ದನ್ನು ಅವನು ನೋಡಿದ್ದ. ಒಂದು ಗಾಡಿ ನೀರಿಗೆ ಬಹಳ ಹೊತ್ತು ನಿಂತಿತ್ತಂತೆ.

“ಹಣ್ಣು ಕೇಳಿದ್ರು. ಒಂದು ಗೊನಿ ಖಾಲಿ ಆತ್ರಿ. ಸಣ್ಣ ಬಾಳಿಹಣ್ಣು ತಗೋರಿ, ರುಚಿ ಅದ ಅಂತ ನಾನ ಹೇಳೀನ್ರಿ. ತಿಂದು ನಕ್ಕರು, ಹಾಡಿದರು.”

ನಾನು ಅವನ ಬುಟ್ಟಿಯ ಮುಂದೆ ಕುಕ್ಕರಿಸಿದೆ. “ಎಡಗೈ ಕಿರಿಬೆರಳಿನ ತುದಿ ಇಲ್ಲದಾಂವ ಒಬ್ಬ ಇದ್ನೇನು?”

“ಹಣ್ಣಿಗೆ ಅಷ್ಟು ಕೈ ಚಾಚಿದಾಗ ಬೆರಳು ಯಾರು ಎಣಸತಾರಿ ಸಾಹೇಬ್ರ?”

ಬೆಂಗಳೂರಿನ ಕ್ಯಾಂಪಿಗೆ ಇಂಗ್ಲಿಷಿನಲ್ಲಿ ಬರೆದೆ. ಕೈದಿಗಳನ್ನು ತಂಡ ತಂಡವಾಗಿ ಬೇರೆ ಬೇರೆ ಕ್ಯಾಂಪುಗಳಿಗೆ ಕಳಿಸಿದ್ದಾರೆ, ಹಲವರು ಹಡಗು ಹತ್ತಿದ್ದಾರೆ, ಒಬ್ಬೊಬ್ಬರ ವಿಚಾರ ಹೇಳಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ಅವನು ತಾಯಿಯ ಹಸಿರು ಬಾಗಿಲು ಸೇರಿರಬಹುದು. ಈ ನೆಲದಲ್ಲೇ ಮಣ್ಣಾಗಿರಬಹುದು. ಯಾವುದನ್ನು ನಂಬಿದರೂ ನನ್ನ ಕೈಯಲ್ಲಿ ಮಾಡುವಂಥದ್ದೇನೂ ಉಳಿದಿರಲಿಲ್ಲ. ಅವನ ತಾಯಿಗೆ ಬರೆಯೋಣವೆಂದರೆ ಸೇತುವೆ, ಬಾಗಿಲು, ಇವೆರಡನ್ನು ಬಿಟ್ಟು ವಿಳಾಸ ನನಗೆ ಗೊತ್ತಿಲ್ಲ.

ಮಳೆಗಾಲದಲ್ಲಿ ಕಾಳಿಗೆ ಹುಳು ಬಿತ್ತು. ಅವ್ವ ಬೂದಿ ಹಚ್ಚಿ ಒಣಗಿಸಿದಳು, ಮತ್ತೆ ಬಿತ್ತು. ಕುದಿಸಿ ಉಂಡುಬಿಡೋಣ ಎಂದು ನಾನೇ ಬಾಯಿ ಬಿಟ್ಟೆ.

“ಮಂದಿ ಮಗನ ತುತ್ತು ನನ್ನ ಒಲಿ ಮ್ಯಾಲ ಇಡಂಗಿಲ್ಲ,” ಅಂದಳು. ಹುಳು ಹಿಡಿಯದ ಕಾಳನ್ನು ಆರಿಸಿ, ಮಳೆ ನಿಂತಮೇಲೆ ಹಿತ್ತಲಲ್ಲಿ ಊರಿದಳು. ಎಷ್ಟೋ ಹುಟ್ಟಲೇ ಇಲ್ಲ. ಹುಟ್ಟಿದವಕ್ಕೆ ದಿನಾ ಬಚ್ಚಲ ನೀರು ತಿರುಗಿಸಿದಳು. ಚಳಿಗೆ ಹೂವಾಗಿ ಕಾಯಿ ಹಿಡಿಯಿತು.

ಈಗ ಮೊರದಲ್ಲಿರುವುದು ಅದೇ. ಚೀಲದಲ್ಲಿ ಬಂದದ್ದಕ್ಕಿಂತ ಹೆಚ್ಚೇ ಇದೆ.

“ಇನ್ನ ಎಷ್ಟು ವರ್ಷ ಬಿತ್ತಲೋ ತಮ್ಮಾ?” ಎಂದು ಈಗಷ್ಟೇ ಅಂಗಳದಿಂದ ಕೂಗಿದಳು. ಅದನ್ನು ತಿಳಿಯಲೆಂದೇ ಈ ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ.

ಓದುವವರಲ್ಲಿ ಯಾರಾದರೂ ಬೆಂಗಳೂರಿನಲ್ಲಾಗಲಿ ಬೇರೆ ಕಡೆಯಾಗಲಿ ಇಟಲಿಯ ಕೈದಿಗಳ ಕ್ಯಾಂಪಿನಲ್ಲಿ ಕೆಲಸ ಮಾಡಿದ್ದರೆ, ಹಾಲು, ಕಾಯಿಪಲ್ಲೆ ಕೊಡಲು ಹೋಗುತ್ತಿದ್ದರೆ, ಎಡಗೈಯ ಕಿರುಬೆರಳಿನ ತುದಿ ಇಲ್ಲದ ಒಬ್ಬ ತರುಣನನ್ನು ಕಂಡಿದ್ದರೆ, ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಅವನ ಹೆಸರನ್ನು ನಾನು ಇಲ್ಲಿ ಹಾಕಿಲ್ಲ. ನೀವು ಬರೆದ ಹೆಸರು ನನ್ನಲ್ಲಿರುವುದಕ್ಕೆ ಹೊಂದಿದರೆ ಅವನೇ ಎಂದು ತಿಳಿಯುತ್ತೇನೆ. ಅವನು ಹಡಗು ಹತ್ತಿದ್ದನ್ನು ಕಣ್ಣಾರೆ ಕಂಡವರಿದ್ದರೆ ಅದನ್ನೂ ಬರೆಯಿರಿ. ಅವನಿಗೆ ಇಲ್ಲಿ ಯಾರಾದರೂ, ಇದನ್ನು ತಿಂದು ನೋಡು, ಅಲ್ಲಿ ಹೋಗಿ ನಿಲ್ಲು ಎಂದು ಹೇಳಿದ್ದಿದ್ದರೆ, ಅದನ್ನು ತಪ್ಪದೆ ಬರೆಯಿರಿ.