ಡಕೋಟಾ ಕಳಿಸಿಕೊಡುತ್ತಿದ್ದ ಮೇಸ್ತ್ರಿ

ಬಳ್ಳಾರಿ ಕಂಟೋನ್ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವಿಮಾನ ರಿಪೇರಿಯ ಮೇಸ್ತ್ರಿ, ವಿಮಾನವನ್ನೂ ಮಗಳನ್ನೂ ಒಂದೇ ಮಾತಿನಲ್ಲಿ ಕಳಿಸಿಕೊಡುತ್ತಿದ್ದರು: "ಹೋಗಿ ಬಾರವ್ವ."

ಅವರು ನೋಡಿಕೊಳ್ಳುತ್ತಿದ್ದುದು ಒಂದು ಹಳೆಯ ಡಕೋಟಾ ವಿಮಾನ. ಯುದ್ಧದಲ್ಲಿ ಅದು ಬರ್ಮಾ ಗಡಿಗೆ ಅಕ್ಕಿಮೂಟೆ, ಹೇಸರಗತ್ತೆ, ಸಿಪಾಯಿಗಳನ್ನು ಹೊತ್ತು, ಬರುವಾಗ ಗಾಯಾಳುಗಳನ್ನು ತರುತ್ತಿತ್ತು. ಗುಂಡು ತೂರಿದ ತೂತುಗಳಿಗೆಲ್ಲ ತೇಪೆ ಹಾಕಿದವರು ಇವರೇ. ಯುದ್ಧ ಮುಗಿದ ಮೇಲೆ ಯಾರೋ ಸಾಹುಕಾರರು ಅದನ್ನು ಕೊಂಡು ಪ್ರಯಾಣಿಕರನ್ನು ಕೂರಿಸಿದರು. ಅದರ ಹಿಂದೆಯೇ ಇವರೂ ಬಳ್ಳಾರಿಗೆ ಬಂದರು. ಪ್ರತಿ ಸಲ ಹೊರಡುವ ಮೊದಲು ಅದರ ಬಾಗಿಲಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೊಟ್ಟೆ ತಟ್ಟಿ, ಆ ಮಾತು ಹೇಳುತ್ತಿದ್ದರು.

"ಗುಂಡಿನ ಮಳ್ಯಾಗೂ ತಿರುಗಿ ಬಂದಾಕಿ ರೀ ಈಕಿ," ಎನ್ನುತ್ತಿದ್ದರು ನನಗೆ.

ಆ ದಿನವೂ ಹೇಳಿದರು. ವಿಮಾನ ನಿಲ್ದಾಣದಲ್ಲಿ ಗುಮಾಸ್ತನಾಗಿದ್ದ ನಾನೇ ಕಿವಿಯಾರೆ ಕೇಳಿದೆ. ಊಟದ ಹೊತ್ತಿಗೆ ಸುದ್ದಿ ಬಂತು: ವಿಮಾನ ಸಿರುಗುಪ್ಪದ ಗದ್ದೆಯಲ್ಲಿ ಬಿದ್ದು ಸುಟ್ಟುಹೋಗಿದೆ, ಒಬ್ಬರೂ ಉಳಿದಿಲ್ಲ. ನಾವಿಬ್ಬರೂ ಹೋದೆವು. ಕಟಾವಿಗೆ ಬಂದ ಭತ್ತದ ನಡುವೆ ಬಾಗಿಲೊಂದೇ ಇಡಿಯಾಗಿ ಬಿದ್ದಿತ್ತು. ವಿಭೂತಿ ಅಳಿಸಿರಲಿಲ್ಲ. ಮೇಸ್ತ್ರಿ ಅದನ್ನು ನೋಡುತ್ತ ನಿಂತರು, ಮುಟ್ಟಲಿಲ್ಲ.

ಮುಂದಿನ ವಾರ, ಬಾಣಂತನ ಮುಗಿಸಿದ ಮಗಳು ಕೂಸನ್ನೆತ್ತಿಕೊಂಡು ಕುರುಗೋಡಿಗೆ, ಗಂಡನ ಮನೆಗೆ ಹೊರಟಳು. ಬಂಡಿ ಬಾಗಿಲಲ್ಲಿತ್ತು. "ಹೋಗಿ ಬರ್ತೀನಪ್ಪಾ," ಎಂದು ಅಪ್ಪನ ಮಾತಿಗೆ ಕಾದಳು. ಮೇಸ್ತ್ರಿ ಬಂಡಿಯ ಹತ್ತಿರ ಹೋಗಿ ನಿಂತರು.

"ಹೋಗಿ ಬಾ ಅನ್ನಪ್ಪಾ," ಎಂದಳು.

ಅವರು ಬಂಡಿಯಲ್ಲಿದ್ದ ಅವಳ ಟ್ರಂಕನ್ನು ಇಳಿಸಿಕೊಂಡು ಮನೆಯೊಳಗೆ ಹೋದರು.