ಆಯಿ ಕುಟ್ಟಿದ ಹಸಿರು

೨೦೦೬ರ ಮಾರ್ಚ್ ೧೨, ಭಾನುವಾರ. ನನ್ನ ದಿನಚರಿಯಲ್ಲಿ ಆ ದಿನಕ್ಕೆ ಎರಡೇ ಪದ: ‘ಆಯಿ ಕುಟ್ಟಿದಳು.’ ಆಯಿ ಎಂದರೆ ನನ್ನ ಅಜ್ಜಿ. ಕುಟ್ಟಿದ್ದು ಶೇಂಗಾ ಚಟ್ನಿಯನ್ನಲ್ಲ, ನನ್ನ ಎಂ.ಎಸ್ಸಿ.ಯನ್ನು.

ಧಾರವಾಡದಲ್ಲಿ ಒಂದು ವರ್ಷ ಒದ್ದಾಡಿ ನಾನು ತಯಾರಿಸಿದ್ದು ಒಂದು ಚಿಟಿಕೆ ಹರಳು. ಹಗಲಲ್ಲಿ ತೇವ ಹಿಡಿದ ಸಕ್ಕರೆಯಂತೆ ಕಾಣುತ್ತಿತ್ತು. ನೇರಳೆ ದೀಪದಡಿ ಇಟ್ಟರೆ ಹಸಿರಾಗಿ ಹೊಳೆಯುತ್ತಿತ್ತು. ಒತ್ತಿ ಪುಡಿ ಮಾಡಿದರೆ ಆ ಹೊಳಪು ಹಳದಿಗೆ ತಿರುಗುತ್ತಿತ್ತು, ಕಾಸಿದರೆ ಮತ್ತೆ ಹಸಿರು. ಒತ್ತಿದಾಗ ಒಳಗಿನ ಅಣುಗಳ ಸಾಲು ಕೆಡುತ್ತದೆ, ಬಿಸಿ ತಾಗಿದಾಗ ಅವು ಮತ್ತೆ ಸಾಲಿಗೆ ನಿಲ್ಲುತ್ತವೆ. ಇಷ್ಟೇ ನನ್ನ ಸಂಶೋಧನೆ. ಸೋಮವಾರ ಪರೀಕ್ಷಕರ ಎದುರು ಹಸಿರನ್ನು ಒತ್ತಿ ಹಳದಿ ಮಾಡಿ ತೋರಿಸಬೇಕಿತ್ತು. ಬೇರೆ ಹರಳು ಇರಲಿಲ್ಲ. ಆದರೂ ಅದನ್ನು ಬಾಟಲಿಗೆ ಹಾಕಿಕೊಂಡು ಉಗರಗೋಳದ ಮನೆಗೆ ತಂದಿದ್ದೆ, ಏಕೆಂದರೆ ನಾನು ಧಾರವಾಡದಲ್ಲಿ ಬರೀ ಫೇಡೆ ತಿನ್ನುತ್ತಿದ್ದೇನೆ ಎಂದೇ ಮನೆಯವರು ನಂಬಿದ್ದರು.

ನನ್ನ ಚಿಕ್ಕಪ್ಪ ಕಾಕಾನದು ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಭಂಡಾರದ ಅಂಗಡಿ. ದೇವಿಗೆ ಏರಿಸುವ ಅರಿಷಿಣ ಪುಡಿ ಮಾರುತ್ತಿದ್ದ. ಖೋಟಾ ನೋಟು ಹಿಡಿಯಲು ನೇರಳೆ ದೀಪ ಇಟ್ಟುಕೊಂಡಿದ್ದ. ಅರಿಷಿಣವೂ ಅದರಡಿ ಹೊಳೆಯುತ್ತದೆ, ಹೀಗಾಗಿ ಅವನ ಅರಿಷಿಣದ ಕೈ ತಾಗಿದ ಗಲ್ಲಾಪೆಟ್ಟಿಗೆಯ ನೋಟುಗಳೆಲ್ಲ ಹೊಳೆಯುತ್ತಿದ್ದವು. ಒಂದೂ ಖೋಟಾ ಸಿಕ್ಕಿರಲಿಲ್ಲ. ಹರಳಿನ ಹೊಳಪು ತೋರಿಸಲು ದೀಪದ ಜೊತೆ ಅವನನ್ನೂ ಕರೆದುಕೊಂಡು ಬರುವಷ್ಟರಲ್ಲಿ ಆಯಿ ಕುಟ್ಟುವ ಖಲಬತ್ತಾ ಒರೆಸುತ್ತಿದ್ದಳು.

“ಬಾಟ್ಲ್ಯಾಗ ಗಂಟ ಗಂಟ ಇತ್ತವಾ, ನುಣ್ಣಗ ಕುಟ್ಟಿ ಇಟ್ಟೇನಿ. ಮಾರಿಗೆ ಹಚ್ಕೊಳ್ಳೂದೇನ?”

ಬಾಗಿಲು ಮುಚ್ಚಿ ದೀಪ ಹಚ್ಚಿದೆವು. ಪುಡಿ ಪೂರ್ತಿ ಹಳದಿ. ಅದಕ್ಕಿಂತ ಜೋರಾಗಿ ಹೊಳೆದದ್ದು ಕಾಕಾನ ಕೈ.

“ಒಂದ್ ವರ್ಷ ಕಲ್ತು ಇಷ್ಟ ಏನಬೇ? ನನ್ನ ಉಗುರ ನೋಡ. ನನಗೂ ಒಂದ್ ಡಿಗ್ರಿ ಕೊಡಸ.”

“ಕಾಕಾ, ನಾಳೆ ನಾ ನಪಾಸ ಆಕ್ಕೇನಿ. ಕಾಸಿದ್ರ ಸರಿ ಆಕ್ಕೈತಿ, ಆದ್ರ ಭಾಳ ಕಾದ್ರ ಕರಗಿ ಹೋಗ್ತೈತಿ. ಇಲ್ಲಿ ಥರ್ಮಾಮೀಟರ್ ಎಲ್ಲೈತಿ?”

“ಜ್ವರಾ ನೋಡೂದು ಐತಲ್ಲ.”

“ಇದಕ್ಕ ನೂರಾ ಇಪ್ಪತ್ತ ಡಿಗ್ರಿ ಬೇಕು.”

“ಅಷ್ಟ ಬಂದ್ರ ಮನಷ್ಯಾ ಸತ್ತ ಹೋಗ್ತಾನಲ್ಲಬೇ!”

“ಮನಷ್ಯಾನ್ನ ಯಾರ್ ಕಾಸಾಕ ಹತ್ಯಾರ?” ಎಂದು ಆಯಿ ಅವನ ಬಾಯಿ ಮುಚ್ಚಿಸಿ ಒಲೆಯ ಮೇಲೆ ರೊಟ್ಟಿ ತವಾ ಇಟ್ಟಳು.

ತವಾದ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ನನ್ನ ಒಂದು ವರ್ಷ. ಕಾಕಾ ದೀಪ ಹಿಡಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಪುಡಿಯ ಅಂಚು ಹಸಿರಾಯಿತು, ಹಸಿರು ನಡುವಿನವರೆಗೆ ಹರಿಯಿತು. ಸೆರಗಿನಿಂದಲೇ ತಟ್ಟೆ ಎಳೆದುಕೊಂಡೆ.

“ಖರೇನ ಹಸರ ಆತಲ್ಲ! ತಡಿ, ಇನ್ನೊಮ್ಮಿ ಕುಟ್ಟತೇನಿ,” ಎಂದಳು ಆಯಿ. ನಾನು ಪುಡಿಯನ್ನು ಬಾಟಲಿಗೆ ತುಂಬಿ ಸಂಜೆಯ ಬಸ್ಸಿಗೇ ಧಾರವಾಡ ಸೇರಿದೆ.

ಮರುದಿನ ಪರೀಕ್ಷಕರು ಗಾಜಿನ ಕಡ್ಡಿಯಿಂದ ಒತ್ತಿದರು, ಹಳದಿ. ಕಾಸಿದರು, ಹಸಿರು. ಆಮೇಲೆ ಮೂಗಿನ ಹತ್ತಿರ ಹಿಡಿದು ಹುಬ್ಬೇರಿಸಿದರು.

“ಯಾಲಕ್ಕಿ ವಾಸನಿ ಬರಾಕ ಹತ್ತೈತಲ್ರೀ?”

ನಮ್ಮ ಮನೆಯ ಖಲಬತ್ತಾದಲ್ಲಿ ದಿನಾ ಚಹಾದ ಏಲಕ್ಕಿ ಕುಟ್ಟುವುದು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಚಷ್ಮಾ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

“ಅಂದ್ರ ಲ್ಯಾಬಿನ ಹೊರಗೂ ಪ್ರಯೋಗ ಆಗೇತಿ. ವರದಿಯೊಳಗ ಬರೀರಿ. ತವಾ ಅನ್ನಬ್ಯಾಡ್ರಿ, ‘ಲೋಹದ ಬಿಸಿ ಫಲಕ’ ಅನ್ನರಿ.”

ನೂರಕ್ಕೆ ಎಪ್ಪತ್ತೆರಡು ಬಂತು. ಏಲಕ್ಕಿಗೆ ಎಷ್ಟು ಕಳೆದರೋ ಹೇಳಲಿಲ್ಲ.