ಶನಿವಾರ ಹನ್ನೊಂದು ಗಂಟೆಗೆ ನೋಡಿದ ಮನೆ

ಆ ದಿನ ತಲೆಯ ಮೇಲೆ ಒಂದೂ ವಿಮಾನ ಹಾರಲಿಲ್ಲ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿದಾಗಲೆಲ್ಲ ಖಚಿತವಾಗಿಯೇ ಹೇಳಿದ್ದೇನೆ. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಶಾರ್ಲೆಟ್‌ನ ಆ ಮನೆಯ ಹಿತ್ತಲನ್ನು ನೆನೆದಾಗ ಬೇಲಿಯ ಮೂಲೆಯಲ್ಲಿ ಒಂದು ಕಿತ್ತಳೆ ಗಿಡ ಕಾಣುತ್ತದೆ. ಉತ್ತರ ಕೆರೊಲಿನಾದ ಚಳಿಗೆ ಹಿತ್ತಲಲ್ಲಿ ಕಿತ್ತಳೆ ಬದುಕುವುದಿಲ್ಲ. ಅದು ಇದ್ದದ್ದು ಫೀನಿಕ್ಸ್‌ನಲ್ಲಿ, ಓದುವಾಗ ನಾನು ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನ ಹಿಂದೆ. ಒಂದು ಗಿಡ ಎರಡು ಸಾವಿರ ಮೈಲಿ ದಾಟಿ ಬಂದು ಬೇರೆ ಹಿತ್ತಲಲ್ಲಿ ನಿಲ್ಲಬಹುದಾದರೆ, ಆ ದಿನದ ಮೌನವೂ ಎಲ್ಲಿಂದಲೋ ಬಂದಿರಬಹುದಲ್ಲ?

ಫೀನಿಕ್ಸ್‌ನಿಂದಂತೂ ಬಂದಿರಲಾರದು. ಅಲ್ಲಿ ಮೌನವೆನ್ನುವುದೇ ಇರಲಿಲ್ಲ. ಐದು ವರ್ಷ ನಾನು ರನ್‌ವೇಯ ನೇರಕ್ಕಿದ್ದ ಆ ಅಪಾರ್ಟ್‌ಮೆಂಟಿನಲ್ಲಿ ಕೂತು ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದೆ. ವಿಮಾನಗಳ ಚಕ್ರ ಎಷ್ಟು ಕೆಳಗೆ ಬರುತ್ತಿದ್ದವೆಂದರೆ ಟೈರು ಸವೆದಿದೆಯೋ ಇಲ್ಲವೋ ಹೇಳಬಹುದಿತ್ತು. ಮಾತಾಡುವವರು ವಾಕ್ಯದ ಮಧ್ಯೆ ನಿಂತು, ಸದ್ದು ಹೋದ ಮೇಲೆ ನಿಂತಲ್ಲಿಂದಲೇ ಮುಂದುವರಿಸುತ್ತಿದ್ದರು. ಆ ಊರಿನವರಿಗೆ ಅದೊಂದು ವಿಚಿತ್ರವೇ ಅಲ್ಲ. ನಾನು ಆ ಊರಿಗೆ ಬಂದ ವರ್ಷ ಹತ್ತಿ ಇದ್ದ ಹೊಲದಲ್ಲಿ ಮರುವರ್ಷ ಹೆಂಚಿನ ಮನೆಗಳ ಸಾಲು ಎದ್ದಿತ್ತು. ಅದರಾಚೆಯ ಬರೀ ಮಣ್ಣು, ಮುಳ್ಳುಗಳ್ಳಿ ಇದ್ದ ನೆಲದಲ್ಲಿ ಇನ್ನೊಂದು ಸಾಲಿಗೆ ಗೂಟ ಹೊಡೆದಿದ್ದರು. ಅಷ್ಟೂ ಮನೆಗಳಿಗೆ ಬೇಕಾದ ಜನರನ್ನು ನನ್ನ ತಲೆಯ ಮೇಲಿಂದಲೇ ತಂದು ಇಳಿಸುತ್ತಿದ್ದಾರೆ ಎಂದು ನನಗೆ ಸಿಟ್ಟು. ಮರುಭೂಮಿಯಲ್ಲಿ ಯಾರಿಗೆ ಏನು ಕೆಲಸ? ಬಿಸಿಲಿಗೆ ಕಿಟಕಿ ತೆಗೆಯುವ ಹಾಗಿಲ್ಲ. ಮುಚ್ಚಿದರೂ ಗಾಜು ಗುಂಯ್‌ಗುಡುತ್ತಿತ್ತು. ಡಿಗ್ರಿ ಕೈಗೆ ಬಂದ ದಿನ ಒಂದೇ ತೀರ್ಮಾನ ಮಾಡಿದೆ: ಇನ್ನು ಜನ್ಮದಲ್ಲಿ ವಿಮಾನ ನಿಲ್ದಾಣದ ಪಕ್ಕ ಇರುವುದಿಲ್ಲ.

ಶಾರ್ಲೆಟ್‌ನಲ್ಲಿ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ನಡುವಿನ ವರ್ಷಗಳು. ಆ ಊರೂ ಬೆಳೆಯುತ್ತಿತ್ತು. ಮದುವೆಯಾಗಿ ಎರಡು ವರ್ಷವಾಗಿತ್ತು, ಹೆಂಡತಿ ಬಸುರಿ. ಮನೆ ಕೊಳ್ಳುವ ಕನ್ನಡಿಗರೆಲ್ಲ ಆಗ ಒಬ್ಬರನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಮಂಗಳೂರು ಕಡೆಯ ಕ್ಯಾಥೊಲಿಕರು, ಅರವತ್ತು ದಾಟಿದವರು, ಜವಳಿ ಯಂತ್ರಗಳ ಎಂಜಿನಿಯರಾಗಿದ್ದು ನಿವೃತ್ತರಾದವರು. ರಿಯಲ್ ಎಸ್ಟೇಟ್ ಲೈಸೆನ್ಸ್ ತೆಗೆದುಕೊಂಡು ನಮ್ಮವರಿಗೆ ಮನೆ ತೋರಿಸುತ್ತಿದ್ದರು. ಎಲ್ಲರಿಗೂ ಅವರು ಅಂಕಲ್. ಕನ್ನಡ ಸಂಘದ ಊಟವಿದ್ದರೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುವವರು ಅವರೇ.

ಅವರು ಮೊದಲು ನಮ್ಮನ್ನು ರಾಜ್ಯದ ಗಡಿ ದಾಟಿಸಿ ಫೋರ್ಟ್ ಮಿಲ್‌ಗೆ ಕರೆದುಕೊಂಡು ಹೋದರು. ನಮ್ಮವರೆಲ್ಲ ಅಲ್ಲಿಗೇ ಹೋಗುತ್ತಿದ್ದರು, ಆದ್ದರಿಂದ ನನಗೆ ಬೇಡವಾಯಿತು. ಆಮೇಲೆ ಊರಿನ ಪಶ್ಚಿಮಕ್ಕೆ, ಆಫೀಸಿನಿಂದ ಹತ್ತು ನಿಮಿಷದ ದಾರಿಯಲ್ಲಿ, ಇಟ್ಟಿಗೆಯ ಈ ಮನೆ. ನಕ್ಷೆಯಲ್ಲಿ ವಿಮಾನ ನಿಲ್ದಾಣ ಅಂಗೈಯಷ್ಟು ದೂರವಿತ್ತು. ವಿಮಾನದ ಸದ್ದು ಇದೆಯೆ ಎಂದು ಅಂಕಲ್‌ರನ್ನು ಕೇಳಿದೆ.

“ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ವಿಮಾನ ಎಲ್ಲ ಆಚೆ ಬದಿಯಲ್ಲಿ ಹೋಗುದು ಅಂತ ಕಾಣ್ತದೆ. ನೀವೇ ಬಂದು ಕಿವಿ ಕೊಟ್ಟು ನೋಡಿ ಮಾರಾಯ್ರೆ” ಎಂದರು. ಹೀಗೆ ಅಂದರು ಎಂದು ನನ್ನ ನೆನಪು.

ಶನಿವಾರ ಹನ್ನೊಂದಕ್ಕೆ ಹೋದೆವು. ಹೆಂಡತಿ ಅಡುಗೆಮನೆಯ ಕಪಾಟುಗಳನ್ನು ತೆರೆದು ನೋಡುತ್ತಿದ್ದರೆ ನಾನು ಹಿತ್ತಲಲ್ಲಿ ಕೈಗಡಿಯಾರ ಹಿಡಿದು ನಲವತ್ತು ನಿಮಿಷ ನಿಂತೆ. ಹಕ್ಕಿ ಕೂಗಿದ್ದು, ಪಕ್ಕದ ಮನೆಯವರು ಹುಲ್ಲು ಕತ್ತರಿಸಿದ್ದು ಬಿಟ್ಟರೆ ಏನೂ ಇಲ್ಲ. ದೂರದಲ್ಲಿ, ಊರಿನ ಆಚೆ ತುದಿಯಲ್ಲೆಂಬಂತೆ, ಒಂದು ಗುಡುಗುಡು. ಅಷ್ಟೆ. ಒಂದೇ ಒಂದು ಸಲದ ಅಳತೆಯಿಂದ ಏನನ್ನೂ ತೀರ್ಮಾನಿಸಬಾರದೆಂದು ಕಾಲೇಜಿನ ಮಕ್ಕಳಿಗೆ ಪಾಠ ಹೇಳಿದ್ದವನು ನಾನು. ಅದೇ ವಾರ ಆಫರ್ ಕಾಗದಕ್ಕೆ ಸಹಿ ಹಾಕಿದೆ.

ಎರಡು ತಿಂಗಳ ನಂತರ ಹಾಲುಕ್ಕಿಸಲು ಹೋದೆವು. ಹೊಸ ಪಾತ್ರೆಯಲ್ಲಿ ಹಾಲು ಇನ್ನೂ ಬಿಸಿಯಾಗುತ್ತಿತ್ತು, ಸ್ಟೌ ಮೇಲೆ ಪಾತ್ರೆ ಕಟಕಟ ಅಲುಗತೊಡಗಿತು. ಹಾಲು ಉಕ್ಕುತ್ತಿದೆ ಎಂದುಕೊಂಡು ಹೆಂಡತಿ ಬಗ್ಗಿದಳು. ಅಷ್ಟರಲ್ಲಿ ಮನೆಯೇ ತುಂಬಿಹೋಗುವಂಥ ಸದ್ದು. ಕಿಟಕಿಯಲ್ಲಿ ವಿಮಾನದ ಹೊಟ್ಟೆ ಕಂಡಿತು. ಎರಡು ನಿಮಿಷಕ್ಕೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಕೇಕ್ ಡಬ್ಬ ಹಿಡಿದು ಬಂದಿದ್ದ ಅಂಕಲ್ ಬಾಗಿಲಲ್ಲೇ ನಿಂತು ಮೇಲೆ ನೋಡುತ್ತಿದ್ದರು.

“ಇದೆಂತ ಇದು? ಇವತ್ತು ಗಾಳಿ ಹಾಗೆ ಇರ್ಬೇಕು” ಎಂದರು.

ಅವರ ಮುಖದಲ್ಲಿ ಆಶ್ಚರ್ಯವಿತ್ತು. ಒಳ್ಳೆಯ ನಟ ಎಂದುಕೊಂಡೆ.

ಗಾಳಿ ಮರುದಿನವೂ ಹಾಗೇ ಇತ್ತು. ಮಗಳು ಹುಟ್ಟಿ ಮನೆಗೆ ಬಂದಾಗಲೂ ಹಾಗೇ ಇತ್ತು. ಮಧ್ಯಾಹ್ನ ಮಗು ನಿದ್ದೆಹೋಗುವುದಕ್ಕೂ ವಿಮಾನಗಳು ಸಾಲುಗಟ್ಟುವುದಕ್ಕೂ ಸರಿಹೋಗುತ್ತಿತ್ತು. ಒಂದೊಂದು ಸದ್ದಿಗೂ ಅದರ ಎರಡು ಕೈ ಬೆಚ್ಚಿ ಮೇಲೇಳುತ್ತಿದ್ದವು. ಅಂಕಲ್‌ಗೆ ಫೋನ್ ಮಾಡಿದೆ. ಹಿಂದಿನ ಮಾಲೀಕರನ್ನು ಕೇಳುತ್ತೇನೆ ಎಂದರು. ಮಾಲೀಕರು ಒರೆಗಾನ್‌ಗೆ ಹೋಗಿಯಾಗಿತ್ತು. ಕಿಟಕಿಗೆ ಎರಡು ಪದರದ ಗಾಜು ಹಾಕಿಸಲು ಅಂಕಲ್ಲೇ ಯಾರನ್ನೋ ಕಳಿಸಿದರು. ಅವನನ್ನು ಬಾಗಿಲಿಂದಲೇ ವಾಪಸು ಕಳಿಸಿದೆ.

ಅದರ ಬದಲು ನಾನೊಂದು ನೋಟ್‌ಬುಕ್ ತಂದೆ. ನಾಲ್ಕು ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಹಿತ್ತಲಲ್ಲಿ ಕೂತು ಪ್ರತಿ ವಿಮಾನದ ಹೊತ್ತು ಬರೆದೆ. ಶಾರ್ಲೆಟ್ ಎಂದರೆ ಪ್ರಯಾಣಿಕರು ವಿಮಾನ ಬದಲಾಯಿಸುವ ಊರು. ವಿಮಾನಗಳು ಗುಂಪಾಗಿ ಇಳಿಯುತ್ತವೆ, ಗುಂಪಾಗಿ ಏಳುತ್ತವೆ, ನಡುವೆ ಒಂದಷ್ಟು ಬಿಡುವು. ಆ ಬಿಡುವುಗಳಲ್ಲಿ ಅತಿ ಉದ್ದದ್ದು ಯಾವುದು? ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಶುರುವಾಗಿ ಮುಕ್ಕಾಲು ಗಂಟೆ ಇರುತ್ತಿದ್ದ ಬಿಡುವು. ಗ್ರಾಫ್ ಬರೆದು ಹೆಂಡತಿಗೆ ತೋರಿಸಿದೆ.

“ನೋಡು. ಹನ್ನೊಂದಕ್ಕೇ ಯಾಕೆ ಕರ್ಕೊಂಡ್ ಬಂದ ಆ ಮನುಷ್ಯ? ಒಂಬತ್ತಕ್ಕೆ ಯಾಕಿಲ್ಲ? ಎರಡಕ್ಕೆ ಯಾಕಿಲ್ಲ?”

“ರೀ, ಟೈಮ್ ಹೇಳಿದ್ದು ಅಂಕಲ್ ಅಲ್ಲ, ನಮ್ಮಮ್ಮ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಕಳ್ಕೊಂಡು ಹೋಗಿ ಅಂತ ಫೋನ್‌ನಲ್ಲಿ ಹೇಳಿದ್ರು. ನೀವೇ ಅಂಕಲ್‌ಗೆ ಕಾಲ್ ಮಾಡಿ ಚೇಂಜ್ ಮಾಡಿಸಿದ್ರಿ.”

“ನಾನು? ರಾಹುಕಾಲಕ್ಕೆ ಹೆದರಿ ಅಪಾಯಿಂಟ್‌ಮೆಂಟ್ ಚೇಂಜ್ ಮಾಡ್ಸಿದ್ನಾ?”

“ಮಾಡ್ಸಿದ್ರಿ. ಬೈಕೊಂಡೇ ಮಾಡ್ಸಿದ್ರಿ.”

ನನಗೆ ಆ ಫೋನ್ ಕರೆಯ ನೆನಪಿಲ್ಲ, ಇಂದಿಗೂ ಇಲ್ಲ. ಮೈಸೂರಿಗೆ ಫೋನ್ ಹಚ್ಚಿ ಅತ್ತೆಯನ್ನೇ ಕೇಳಿದೆ. “ಹೇಳಿರ್ತೀನಪ್ಪ, ಎಲ್ಲದಕ್ಕೂ ಹೇಳ್ತೀನಲ್ಲ ನಾನು. ಮನೆ ನೋಡೋಕ್ಕೋ ಕಾರ್ ತಗೊಳ್ಳೋಕ್ಕೋ ಅನ್ನೋದು ಜ್ಞಾಪಕ ಇಲ್ಲ” ಎಂದರು. ಇದು ನನ್ನ ಪರವಾದ ಸಾಕ್ಷ್ಯವೆಂದು ಎಣಿಸಿದೆ. ರಾಹುಕಾಲವನ್ನು ನಂಬದವನು ರಾಹುಕಾಲಕ್ಕಾಗಿ ಹೊತ್ತು ಬದಲಿಸಲಾರ. ಬದಲಿಸದಿದ್ದರೆ ಹನ್ನೊಂದು ಗಂಟೆ ಅಂಕಲ್‌ದೇ. ಇದರಲ್ಲಿ ನನಗೆ ಯಾವ ಬಿರುಕೂ ಕಾಣಲಿಲ್ಲ.

ಯುಗಾದಿಯ ಊಟ ಒಂದು ಶಾಲೆಯ ಕೆಫೆಟೇರಿಯಾದಲ್ಲಿತ್ತು. ಅಂಕಲ್ ಕೋಸಂಬರಿ ಬಡಿಸುತ್ತಿದ್ದರು. ಸಾಲಿನಲ್ಲಿ ನನ್ನ ಮುಂದೆ ಒಂದು ಎಳೆಯ ಜೋಡಿ. ಅದೇ ರಾಜ್ಯದಲ್ಲಿ ಕಂಪನಿಗಳ ಬೀಡಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕೆಲಸ ಬಿಟ್ಟು ಶಾರ್ಲೆಟ್‌ಗೆ ಬರುವವರು. ಆ ಹುಡುಗ ತಟ್ಟೆ ಹಿಡಿದುಕೊಂಡೇ, “ಅಂಕಲ್, ನೆಕ್ಸ್ಟ್ ವೀಕೆಂಡ್ ಮನೆ ತೋರಿಸ್ತೀರಾ?” ಎಂದು ಕೇಳಿದ.

“ಅಂಕಲ್ ಹತ್ರ ಹೋಗೋಕೆ ಮುಂಚೆ ಟೈಮ್ ಯಾರು ಫಿಕ್ಸ್ ಮಾಡ್ತಾರೆ ಅಂತ ಕೇಳ್ಕೊಳಪ್ಪ” ಎಂದೆ.

“ಎಂತದು ಮಾರಾಯ್ರೆ, ಹಬ್ಬದ ಊಟಕ್ಕೆ ಬಂದು?”

“ಹನ್ನೊಂದಕ್ಕೆ ಯಾಕೆ ಕರ್ಕೊಂಡ್ ಹೋದ್ರಿ ನಮ್ಮನ್ನ? ಆ ಹೊತ್ತಲ್ಲಿ ಪ್ಲೇನ್ ಇರಲ್ಲ ಅಂತ ನಿಮಗೆ ಗೊತ್ತಿತ್ತು.”

ಅವರು ಸೌಟು ಹಿಡಿದುಕೊಂಡು ಯೋಚಿಸಿದರು. “ನಾನು ಒಂಬತ್ತಕ್ಕೆ ಬನ್ನಿ ಅಂತ ಹೇಳಿದ್ದು. ನೀವಲ್ವಾ ಫೋನ್ ಮಾಡಿ ರಾಹುಕಾಲ ಉಂಟು ಅಂದದ್ದು?”

“ನಾನು ರಾಹುಕಾಲ ನೋಡೋನಾ? ನನ್ನ ಮುಖ ನೋಡ್ಕೊಂಡ್ ಹೇಳಿ.”

“ಹಂಗಾದ್ರೆ ಅಂಕಲ್ಲೇ ನೋಡ್ತಾರೇನೋ!” ಎಂದು ಹಿಂದೆ ಯಾರೋ ಕೂಗಿದರು.

“ನಾನು ರಾಹುಕಾಲ ನೋಡುದಾ? ನಮ್ಮ ಪಾದ್ರಿಗಳಿಗೆ ಮಾತ್ರ ಹೇಳ್ಬೇಡಿ” ಎಂದರು ಅಂಕಲ್. ಸಾಲೆಲ್ಲ ನಕ್ಕಿತು.

ಆ ನಗು ನನಗೆ ತಡೆಯಲಾಗಲಿಲ್ಲ. ನಾಲ್ಕು ಶನಿವಾರದ ನನ್ನ ಲೆಕ್ಕವನ್ನು ಒಂದು ಜೋಕಿನಲ್ಲಿ ಒರೆಸಿಹಾಕುತ್ತಿದ್ದಾರೆ ಎನಿಸಿತು. “ಮೋಸ ಮಾಡಿ ಮನೆ ಮಾರೋದು, ಕೇಳಿದ್ರೆ ತಮಾಷೆ ಮಾಡೋದು” ಎಂದೆ. ಜೋರಾಗಿಯೇ ಎಂದೆ. ಆ ಹುಡುಗನ ಹೆಂಡತಿ ಗಂಡನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡದ್ದು ನನಗೆ ಕಂಡಿತು. ಅಂಕಲ್‌ಗೂ ಕಂಡಿತು.

ಅವರು ಸೌಟನ್ನು ಕೆಳಗಿಟ್ಟರು. “ಇಪ್ಪತ್ತು ವರ್ಷ ಆಯ್ತು ನಾನು ಈ ಊರಿಗೆ ಬಂದು. ಮೋಸಗಾರ ಅಂತ ಯಾರೂ ಹೇಳ್ಲಿಲ್ಲ. ಇನ್ನು ಹೇಳ್ತಾರೆ” ಎಂದರು.

ಕಾರಿನಲ್ಲಿ ಹೆಂಡತಿ ಮಗುವನ್ನು ಸೀಟಿಗೆ ಬಿಗಿಯುತ್ತ, “ನಿಮಗೆ ಆ ಮನೆ ಮೇಲೆ ಕೋಪ ಅಲ್ಲ. ನೀವು ತಪ್ಪು ಮಾಡಿದ್ರಿ ಅನ್ನೋದ್ರ ಮೇಲೆ ಕೋಪ” ಎಂದಳು. ನಾನು ಕಾರು ಶುರುಮಾಡಿದೆ. ಗ್ರಾಫ್ ಸರಿ ಇತ್ತು, ಅದಕ್ಕೆ ಉತ್ತರ ಅವಳು ಕೊಡಬೇಕಿತ್ತು.

ಅಂಕಲ್ ಹೇಳಿದ ಹಾಗೇ ಆಯಿತು. ಆ ಎಳೆಯ ಜೋಡಿ ಬೇರೆ ಏಜೆಂಟ್ ಹತ್ತಿರ ಹೋದರು. ಅವರ ಹಿಂದೆ ಇನ್ನಿಬ್ಬರು. ‘ಹನ್ನೊಂದು ಗಂಟೆ ಅಂಕಲ್’ ಎಂಬ ಹೆಸರು ಸಂಘದಲ್ಲಿ ಓಡಾಡಿತು. ಅದನ್ನು ಇಟ್ಟವನು ನಾನಲ್ಲ, ಆದರೆ ಮೊದಲ ಸಲ ಕೇಳಿದಾಗ ನಕ್ಕೆ. ದೀಪಾವಳಿಗೆ ಅವರು ಬರಲಿಲ್ಲ. ಕುರ್ಚಿ ಹಾಕುವವರಿಲ್ಲದೆ ಕಾರ್ಯಕ್ರಮ ತಡವಾಯಿತು. ಮರುವರ್ಷ ಲೈಸೆನ್ಸ್ ಬಿಟ್ಟರಂತೆ, ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಮಗಳ ಹತ್ತಿರ ಹೋದರಂತೆ. ಹೋಗುವ ಮುಂಚೆ ಒಂದು ಸಲ ಅಂಗಡಿಯಲ್ಲಿ ಅಕ್ಕಿ ಮೂಟೆಗಳ ಪಕ್ಕ ಸಿಕ್ಕಿದ್ದರು. ನಾನು ಮುಖ ತಿರುಗಿಸಿದೆ. ಅವರು ತಿರುಗಿಸಲಿಲ್ಲ. “ಮಗು ಈಗ ನಿದ್ದೆ ಮಾಡ್ತದಾ?” ಎಂದು ಕೇಳಿದರು. ಮಾಡುತ್ತಿತ್ತು. ಅದಕ್ಕೆ ಅಭ್ಯಾಸವಾಗಿತ್ತು. ಇಲ್ಲ ಎಂದೆ.

ದಶಕ ಮುಗಿಯುವ ಹೊತ್ತಿಗೆ ನಾವೂ ಆ ಮನೆ ಮಾರಿದೆವು. ಕೊಳ್ಳುವವರು ಬಂದ ದಿನ ಎಡೆಬಿಡದೆ ವಿಮಾನ ಇಳಿದವು. ಅವರಿಗೆ ಅದು ಲೆಕ್ಕಕ್ಕೇ ಬರಲಿಲ್ಲ.

ಆಮೇಲೆ ತಿಳಿದದ್ದನ್ನು ನಾನು ಹುಡುಕಿಕೊಂಡು ಹೋಗಲಿಲ್ಲ ಎಂಬುದನ್ನು ಹೇಳಬೇಕು. ಅದಾಗಿ ಎಷ್ಟೋ ವರ್ಷಗಳ ಮೇಲೆ, ಬ್ಯಾಂಕಿನ ಒಂದು ವರದಿಗಾಗಿ, ನಾವು ಮನೆ ಕೊಂಡ ವರ್ಷ ಊರಿನ ಪಶ್ಚಿಮದಲ್ಲಿ ಮನೆಗಳು ಎಷ್ಟಕ್ಕೆ ಮಾರಾಟವಾದವೆಂದು ತಿಳಿಯಲು ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ತಿರುಗಿಸುತ್ತಿದ್ದೆ. ಒಳಪುಟದಲ್ಲಿ ನಾಲ್ಕು ಸಾಲಿನ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಓದಿದ ಮೇಲೆ ಅಂಕಲ್‌ಗೆ ಇದು ಆಗಲೇ ತಿಳಿದಿರಬಹುದೆ ಎಂದು ಮೊದಲು ಯೋಚಿಸಿದೆ. ಅವರನ್ನು ಆಗಲೂ ಸಿಕ್ಕಿಸಲು ಒಂದು ದಾರಿ ಹುಡುಕುತ್ತಿದ್ದೆ. ತಿಳಿದಿದ್ದರೆ ಹಾಲುಕ್ಕಿಸುವ ದಿನ ಕೇಕ್ ತೆಗೆದುಕೊಂಡು ಬರುತ್ತಿದ್ದರೇನು? ಗೊತ್ತಿಲ್ಲ. ಅವರನ್ನು ಕೇಳಿಲ್ಲ. ಹೆಂಡತಿ ಹೇಳಿದ ಫೋನ್ ಕರೆಯನ್ನು ನಾನು ಮಾಡಿದೆನೆ? ಅದೂ ಗೊತ್ತಿಲ್ಲ. ಆದರೆ ಪ್ರಕಟಣೆಯ ತಾರೀಖುಗಳನ್ನು ಬರೆದುಕೊಂಡು ಮನೆಗೆ ಬಂದು, ಹಳೆಯ ಆಫರ್ ಕಾಗದ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಮ್ಮ ಮನೆಯ ನೇರಕ್ಕಿದ್ದ ರನ್‌ವೇಯನ್ನು ಹೊಸದಾಗಿ ಡಾಂಬರು ಹಾಕಲು ಆರು ವಾರ ಪೂರ್ತಿ, ಹಗಲು ರಾತ್ರಿ, ಮುಚ್ಚಿದ್ದರು. ನಾವು ಮನೆ ನೋಡಿದ ಶನಿವಾರ ಅದು ಮುಚ್ಚಿ ಒಂಬತ್ತನೆಯ ದಿನ.